ಭಟ್ಟಿಯಿಲ್ಲದ ಬೇಕರಿ

ನೊಲೀನ್ ಟ್ರೆವಾಸ್ಕಿಸ್ ಬಗ್ಗೆ ಯಾರಾದರೂ ‘ಪಾಪ’ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಪಾಪ ಅನ್ನಿಸಿಕೊಳ್ಳುವ ಹೆಂಗಸೇ ಅಲ್ಲ ಅವಳು. ಅವಳ ಬೇಕರಿಯ ಕೌಂಟರಿನಲ್ಲಿ ಅರ್ಧ ಆಯುಷ್ಯ ನಿಂತವಳು ನಾನು, ಬೆವ್. ಅವಳಿಂದ ತಿಂದಷ್ಟು ಬೈಗುಳ ಹೆತ್ತ ತಾಯಿಯಿಂದಲೂ ತಿಂದಿಲ್ಲ. ಹಾಗಾಗಿ ಅವಳ ಕತೆ ಹೇಳುವ ಹಕ್ಕು ನನಗಿದೆ. ಸಿಟ್ಟಿನಲ್ಲೇ ಹೇಳುತ್ತೇನೆ, ಸಮಾಧಾನದಲ್ಲಿ ಹೇಳುವ ಕತೆ ಇದಲ್ಲ.

ನಮ್ಮೂರು ವಿಲ್ಕಾರಾದಲ್ಲಿ ತಾಮ್ರದ ಗಣಿ ಮುಚ್ಚಿದ್ದು ನಮ್ಮಜ್ಜಂದಿರ ಕಾಲದಲ್ಲಿ. ಆಮೇಲೆ ಒಂದೊಂದೇ ಹೋದವು. ರೈಲು ಹೋಯಿತು, ಬ್ಯಾಂಕು ಹೋಯಿತು, ಪೋಸ್ಟಾಫೀಸು ಪೆಟ್ರೋಲ್ ಬಂಕಿನ ಮೂಲೆಗೆ ಸೇರಿತು. ಉಳಿದದ್ದು ಬಂಕು, ಒಂದು ಪಬ್ಬು, ಸುತ್ತ ಗೋಧಿ ಹೊಲ, ಮತ್ತೆ ನೊಲೀನ್‌ಳ ಬೇಕರಿ. ಅಲ್ಲಿ ಸಿಗುವುದು ಪಾಸ್ಟಿ. ದನದ ಮಾಂಸ, ಆಲೂಗಡ್ಡೆ, ಈರುಳ್ಳಿ, ಕರಿಮೆಣಸಿನ ಪುಡಿ ಹಾಕಿ, ಹಿಟ್ಟಿನ ಹಾಳೆ ಮಡಚಿ, ಅಂಚನ್ನು ಬೆರಳಲ್ಲಿ ಜಡೆಯಂತೆ ಹೆಣೆದು ಬೇಯಿಸಿದ್ದು. ಕಾರ್ನ್‌ವಾಲ್‌ನಿಂದ ಕಡಲು ದಾಟಿ ಗಣಿಗೆ ಬಂದ ಗಂಡಸರು ಬುತ್ತಿ ಅಂತ ಜೇಬಿನಲ್ಲಿಟ್ಟುಕೊಂಡು ಇಳಿಯುತ್ತಿದ್ದದ್ದು ಇದನ್ನೇ. ನೊಲೀನ್‌ಗೆ ಕೈಹದ ಬಂದದ್ದು ಅವಳ ಅಜ್ಜಿಯಿಂದ. ಪಾಸ್ಟಿ ಬೇಯಿಸುವ ಭಟ್ಟಿ ಬಂದದ್ದು ಮಾವನಿಂದ. ಅವಳ ಗಂಡ ಕ್ಲೈವ್‌ನ ಅಪ್ಪ ತನ್ನ ಕೈಯಾರೆ ಕಟ್ಟಿದ ಇಟ್ಟಿಗೆ ಭಟ್ಟಿ ಅದು, ಒಳಗೆ ಒಬ್ಬ ಮನುಷ್ಯ ಕಾಲು ಚಾಚಿ ಮಲಗಬಹುದಿತ್ತು.

ಕ್ಲೈವ್ ಒಂದು ಬೆಳಗ್ಗೆ ಹಿಟ್ಟು ನಾದುವ ಮೇಜಿನ ಮೇಲೆ ಎದೆ ಹಿಡಿದು ಬಿದ್ದವನು ಮತ್ತೆ ಏಳಲಿಲ್ಲ. ಅವನ ಅಂತ್ಯಕ್ರಿಯೆಗೆ ಬಂದವರಿಗೆ ಚಹಾದ ಜೊತೆ ಕೊಡಲು ಪಾಸ್ಟಿ ಬೇಯಿಸಿದವಳು ನೊಲೀನ್. “ನೀನ್ಯಾಕೆ ಮಾಡ್ತೀಯ ಮಾರಾಯ್ತಿ, ಇವತ್ತೊಂದಿನ ಬಿಡೇ” ಅಂತ ನಾನು ಅತ್ತರೆ, “ಇನ್ಯಾರು ಮಾಡ್ತಾರೆ? ನಿನ್ನ ಕೈಗೆ ಕೊಟ್ರೆ ಕ್ಲೈವ್ ಎದ್ದು ಬಂದು ಬೈತಾನೆ” ಅಂದಳು. ಮಾರನೆಯ ದಿನ ಬಾಗಿಲು ತೆಗೆದಳು.

ಅವಳು ಎಂಥವಳು ಅಂತ ತಿಳಿಯಬೇಕಾದರೆ ಬೇಸಗೆಯಲ್ಲಿ ನೋಡಬೇಕು. ಕೊಯ್ಲಾದ ಗೋಧಿ ಕೂಳೆಗೆ ಕಿಡಿ ಬಿದ್ದರೆ ಬೆಂಕಿ ಕುದುರೆಗಿಂತ ಜೋರು ಓಡುತ್ತದೆ. ನಮ್ಮಲ್ಲಿ ಸಂಬಳದ ಅಗ್ನಿಶಾಮಕರಿಲ್ಲ. ಊರಿನ ರೈತರು, ಮೆಕ್ಯಾನಿಕ್ಕು, ಶಾಲೆಯ ಮೇಷ್ಟ್ರು, ಇವರೇ ದಳ. ದಳದ ನಾಯಕ ಮರ್ವ್ ಲಿಂಡ್ನರ್, ಗೋಧಿ ಬೆಳೆಯುವವನು, ಎತ್ತಿನಂಥ ಆಳು, ಬುದ್ಧಿಯೂ ಹೆಚ್ಚುಕಮ್ಮಿ ಎತ್ತಿನದೇ. ಹೊಗೆ ಕಂಡ ಕೂಡಲೇ ನೊಲೀನ್ ವ್ಯಾನಿಗೆ ಪಾಸ್ಟಿ ತುಂಬಿಕೊಂಡು ಬೆಂಕಿಯ ಬಾಯಿಗೇ ಹೋಗಿಬಿಡುತ್ತಿದ್ದಳು. “ಹತ್ರ ಬರ್ಬೇಡ, ಹೋಗೇ!” ಅಂತ ಮರ್ವ್ ಕಿರುಚಿದರೆ, “ನೀನು ಮೊದ್ಲು ಬಾಯಿ ತುಂಬಾ ತಿನ್ನು, ಆಗ ಕಿರುಚೋಕೆ ಆಗಲ್ಲ” ಅನ್ನುವಳು. ಒಂದು ಸಲವೂ ಕಾಸು ಮುಟ್ಟಿದವಳಲ್ಲ.

ಇಂಥ ಬೇಕರಿಗೆ ಕುತ್ತು ಬಂದದ್ದು ನೆಲದಿಂದ. ಜಿಲ್ಲಾ ಮಂಡಳಿಯ ತಪಾಸಣೆಯವನು ಬಂದು ಹಲಗೆ ನೆಲವನ್ನು ಬೂಟಿನಲ್ಲಿ ಒತ್ತಿ ನೋಡಿದ. “ಇದು ಕೊಳೆತಿದೆ. ತೊಳೆಯೋಕೆ ಬರೋ ಗಟ್ಟಿ ನೆಲ ಹಾಕ್ಸಿ. ಚಳಿಗಾಲ ಮುಗಿಯೋದ್ರೊಳಗೆ ಆಗದಿದ್ರೆ ಅಂಗಡಿ ಮುಚ್ಚಿಸ್ತೀನಿ” ಅಂದ. ತಪ್ಪೇನೂ ಹೇಳಲಿಲ್ಲ, ನಾನೇ ಒಮ್ಮೆ ಆ ಹಲಗೆಯೊಳಗೆ ಕಾಲು ಹೂತುಕೊಂಡಿದ್ದೆ. ನೆಲ ಅಗೆಯುವುದೇ ಆದರೆ ಬಿರುಕು ಬಿಟ್ಟ ಭಟ್ಟಿಯನ್ನೂ ತೆಗೆದು ಹೊಸ ಕರೆಂಟ್ ಓವನ್ ಹಾಕಿಸಬೇಕು ಅಂತ ನೊಲೀನ್ ಲೆಕ್ಕ. ಕ್ಲೈವ್ ಬಿಟ್ಟುಹೋದ ಹಣದಲ್ಲಿ ಅರ್ಧ ಆಗುತ್ತಿತ್ತು. ಇನ್ನರ್ಧಕ್ಕೆ ನಗರದ ಬ್ಯಾಂಕಿನವರು ಅವಳ ವಯಸ್ಸು ನೋಡಿ ಆಗಲ್ಲ ಅಂದುಬಿಟ್ಟರು.

ಆಗ ಬಂತು ನೋಡಿ, ಸರ್ಕಾರದ ಅನುದಾನ. ಹಳ್ಳಿಗಾಡಿನ ಸಣ್ಣ ವ್ಯಾಪಾರಗಳಿಗೆ ಅರ್ಧ ನಾವು ಕೊಡುತ್ತೇವೆ, ಅರ್ಧ ನೀವು ಹಾಕಿ ಅಂತ ರೇಡಿಯೋದಲ್ಲಿ ಬೆಳಗ್ಗೆ ಸಂಜೆ ಅದೇ ಮಾತು. ನಮ್ಮ ಶಾಸಕರ ನಗುಮುಖ ಬಂಕಿನ ಗೋಡೆಯ ಮೇಲೆ ಬೇರೆ. ನೊಲೀನ್ ಅರ್ಜಿ ಹಾಕಿದಳು. ಅಬ್ಬಬ್ಬಾ, ಏನು ಪ್ರಶ್ನೆಗಳು! ನಿಮ್ಮ ಪಾಸ್ಟಿಯಲ್ಲಿ ಹೊಸತನ ಏನಿದೆ? ಐದು ವರ್ಷದ ನಂತರ ನಿಮ್ಮ ಬೇಕರಿ ಎಲ್ಲಿರುತ್ತದೆ? “ಇಲ್ಲೇ ಇರುತ್ತೆ, ಇದಕ್ಕೇನು ಚಕ್ರ ಇದೆಯಾ?” ಅಂತ ಅವಳು ಗೊಣಗಿದಳು. ಎಲ್ಲಕ್ಕಿಂತ ಹೆಚ್ಚು ಅಂಕ ಇದ್ದ ಪ್ರಶ್ನೆ ಒಂದಿತ್ತು: ಊರಿನವರ ಬೆಂಬಲ ನಿಮಗಿದೆ ಎಂದು ತೋರಿಸಿ.

ಅದಕ್ಕೇನು ಬರ? ಊರಿಗೆ ಊರೇ ಬರೆದುಕೊಟ್ಟಿತು. ಶಾಲೆಯ ಮಕ್ಕಳು ಚಿತ್ರ ಬಿಡಿಸಿದರು. ಮರ್ವ್ ಜನ್ಮದಲ್ಲಿ ಪೆನ್ನು ಹಿಡಿಯದವನು, “ಇವಳಿಲ್ಲದಿದ್ದರೆ ನಾವು ಬೆಂಕಿಗಿಂತ ಮೊದಲು ಹಸಿವಿನಿಂದ ಸಾಯುತ್ತಿದ್ದೆವು” ಅಂತ ಬರೆದ. ಅನುದಾನ ಕೊಡುವ ಇಲಾಖೆಯಿಂದ ಟೀಗನ್ ಅನ್ನುವ ಹುಡುಗಿ ಫೋನ್ ಮಾಡಿ ಹೊಗಳಿದ್ದೇ ಹೊಗಳಿದ್ದು. ನೆಲ, ಓವನ್ ಎರಡನ್ನೂ ಒಂದೇ ಯೋಜನೆ ಅಂತ ತೋರಿಸಿದರೆ ಅಂಕ ಜಾಸ್ತಿ ಎಂದು ಹೇಳಿಕೊಟ್ಟವಳೂ ಅವಳೇ. ಕೊನೆಗೆ, “ನಾವು ಹೂಂ ಅನ್ನೋವರೆಗೂ ಕೆಲಸ ಶುರು ಮಾಡ್ಬೇಡಿ, ನೊಲೀನ್” ಅಂದಳಂತೆ. “ನನ್ಹತ್ರ ದುಡ್ಡಿದ್ರೆ ತಾನೇ ಶುರು ಮಾಡೋಕೆ” ಅಂತ ನೊಲೀನ್ ನಕ್ಕುಬಿಟ್ಟಳು. ಆ ಮಾತು ಅವಳ ಕಿವಿಯಲ್ಲೇ ಉಳಿಯಿತು, ನಮಗ್ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಅಂತ ಅವಳಿಗೆ ಅನ್ನಿಸಲೂ ಇಲ್ಲ.

ಉತ್ತರ ಬರುತ್ತದೆ, ಬರುತ್ತದೆ ಅಂತ ಕಾದದ್ದೇ ಕಾದದ್ದು. ಚಳಿಗಾಲ ಅರ್ಧ ಮುಗಿಯಿತು. ಅಷ್ಟರಲ್ಲಿ ವರ್ಷಗಟ್ಟಲೆ ಸರದಿಯಲ್ಲಿದ್ದ ಅವಳ ಸೊಂಟದ ಆಪರೇಶನ್‌ಗೆ ನಗರದ ಆಸ್ಪತ್ರೆಯಿಂದ ಕರೆ ಬಂತು. ಬೇಡ ಅಂದರೆ ಸರದಿ ಮತ್ತೆ ಕೊನೆಗೆ. ಬೇಕರಿಗೆ ಬೀಗ ಹಾಕಿ ಹೋದಳು.

ಅವಳು ಅತ್ತ ಹೋದದ್ದೇ, ಇತ್ತ ಮರ್ವ್ ಪಬ್ಬಿನಲ್ಲಿ ಎದ್ದುನಿಂತ. “ನೋಡ್ರಪ್ಪ, ಈ ವಾರಾಂತ್ಯ ಎಲ್ಲರೂ ಬನ್ನಿ. ನೊಲೀನ್ ಬರೋದ್ರೊಳಗೆ ನೆಲ ಹಾಕ್ಬಿಡೋಣ. ಓವನ್‌ಗೆ ಬೇಕಾದ್ರೆ ಸರ್ಕಾರ ಕೊಡ್ಲಿ. ನೆಲ ಹಾಕೋಕೆ ಸರ್ಕಾರ ಯಾಕೆ? ನಮ್ಮ ಕೈಗೇನು ಲಕ್ವ ಹೊಡೆದಿದೆಯಾ?”

ನಮ್ಮ ಕಡೆ ಇದು ಹೊಸದಲ್ಲ. ಯಾರದೋ ಕೊಟ್ಟಿಗೆ ಸುಟ್ಟರೆ, ಯಾರದೋ ಬೇಲಿ ಬಿದ್ದರೆ, ಊರು ಸೇರಿ ಎರಡು ದಿನದಲ್ಲಿ ಎಬ್ಬಿಸಿ ನಿಲ್ಲಿಸುತ್ತದೆ. ಕೂಲಿ ಇಲ್ಲ, ಬಿಯರ್ ಮತ್ತು ಸುಟ್ಟ ಸಾಸೇಜು ಅಷ್ಟೇ. ಇವತ್ತು ನಿನ್ನ ಮನೆಗೆ, ನಾಳೆ ನನ್ನ ಮನೆಗೆ, ಮುಯ್ಯಿಗೆ ಮುಯ್ಯಿ. ಕೇಳಿ ಮಾಡುವ ಪದ್ಧತಿಯೇ ಇಲ್ಲ. ಕೇಳಿದರೆ ಆ ಕಡೆಯವರು ಸಂಕೋಚಕ್ಕೆ ಬೇಡ ಅಂತಾರೆ, ಅದಕ್ಕೆ.

“ಒಂದು ಮಾತು ಫೋನ್ ಮಾಡಿ ಕೇಳು ಮಾರಾಯ” ಅಂದೆ ನಾನು.

“ಕೇಳಿದ್ರೆ ಬೇಡ ಅಂತಾಳೆ. ಬೆಂಕಿ ಬಿದ್ದಾಗ ಪಾಸ್ಟಿ ತರೋಕೆ ಅವಳು ಯಾರನ್ನ ಕೇಳಿದ್ಲು ಬೆವ್?”

ಊರಿನ ಬೀಗದ ಕೈಗಳೆಲ್ಲ ಬೆಂಕಿ ದಳದ ನಾಯಕನ ಹತ್ತಿರ ಒಂದೊಂದು ಇರುತ್ತವೆ. ಶನಿವಾರ ಬೆಳಗ್ಗೆ ಬೇಕರಿ ಬಾಗಿಲು ತೆರೆಯಿತು. ಹಲಗೆ ಕಿತ್ತರು. ಹೊಸ ಓವನ್ ಹೇಗೂ ಬರುತ್ತಲ್ಲ, ಹಳೇ ಭಟ್ಟಿ ಯಾಕೆ ಅಡ್ಡ ಅಂತ ಅದನ್ನೂ ಒಡೆದರು. ಒಡೆದ ಇಟ್ಟಿಗೆಯನ್ನು ಹೊರಗೆ ಸಾಗಿಸುವ ಬದಲು ಪುಡಿಮಾಡಿ ಹಲಗೆ ಕಿತ್ತ ಗುಂಡಿಗೆ ತುಂಬಿ, ಮೇಲೆ ಕಾಂಕ್ರೀಟ್ ಸುರಿದರು. ಆ ಕಟ್ಟಡಕ್ಕೆ ಅಂಥ ನೆಲ ಯಾವತ್ತೂ ಇರಲಿಲ್ಲ, ದೇವರಾಣೆ. ಕನ್ನಡಿ! ಎಲ್ಲರೂ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು, ಊರಿನ ಫೇಸ್‌ಬುಕ್ಕಿಗೆ ಹಾಕಿದರು. ಶಾಸಕರ ಕಚೇರಿಯವರು ಅದನ್ನೇ ಎತ್ತಿ ತಮ್ಮ ಪುಟಕ್ಕೆ ಹಾಕಿ, “ಇದೇ ನಮ್ಮ ಹಳ್ಳಿಗಾಡಿನ ಚೈತನ್ಯ” ಅಂತ ಬರೆದು ಚಪ್ಪಾಳೆ ಹೊಡೆದರು.

ನೊಲೀನ್ ಊರುಗೋಲು ಹಿಡಿದು ವಾಪಸು ಬಂದ ದಿನ ಊರೆಲ್ಲ ಬೇಕರಿ ಮುಂದೆ. ಮರ್ವ್ ಬಾಗಿಲು ತಳ್ಳಿ, ಮದುವೆ ಮನೆಯ ಯಜಮಾನನ ಹಾಗೆ ಕೈ ಚಾಚಿ ನಿಂತ. ಅವಳು ಹೊಸ್ತಿಲ ಮೇಲೆ ನಿಂತು ನೆಲ ನೋಡಿದಳು. ಆಮೇಲೆ ಹಿಂದಿನ ಗೋಡೆ ನೋಡಿದಳು.

“ಭಟ್ಟಿ ಎಲ್ಲೋ ಮರ್ವ್?”

“ನಿನ್ನ ಕಾಲಡೀಲೇ ಇದೆ!” ಅಂತ ಅವನು ಗಹಗಹಿಸಿ ನಕ್ಕ.

ಅವಳು ಅಳಲು ಶುರುಮಾಡಿದಳು. ಸಂತೋಷಕ್ಕೆ ಅಳುತ್ತಿದ್ದಾಳೆ ಅಂತ ಜನ ಚಪ್ಪಾಳೆ ತಟ್ಟಿದರು. ಕ್ಲೈವ್ ಸತ್ತಾಗಲೂ ಎದುರಿಗೆ ಅಳದವಳು.

ಇಲಾಖೆಯ ಫೋನು ಎರಡು ದಿನ ಬಿಟ್ಟು ಬಂತು. ಖಾಲಿ ಬೇಕರಿಯಲ್ಲಿ ನಾವಿಬ್ಬರೇ ಇದ್ದೆವು. ಅವಳು ಸ್ಪೀಕರಿಗೆ ಹಾಕಿದಳು.

“ನೊಲೀನ್, ನಮಗೆ ನಿಜಕ್ಕೂ ಬೇಜಾರಾಗಿದೆ” ಅಂದಳು ಟೀಗನ್. “ನಿಮ್ಮ ಅನುದಾನ ಮಂಜೂರಾಗೋದರಲ್ಲಿತ್ತು. ಆದ್ರೆ ಸಹಿ ಆಗೋ ಮುಂಚೆ ಕೆಲಸ ಶುರುವಾಗಿದೆ. ಶಾಸಕರ ಪುಟದಲ್ಲಿ ಫೋಟೋ ನೋಡಿದ್ವಿ. ಇಡೀ ಯೋಜನೆ ಅನರ್ಹ ಆಗುತ್ತೆ.”

“ನಾನು ಶುರು ಮಾಡ್ಲಿಲ್ಲ ಕಣಮ್ಮ. ಆಸ್ಪತ್ರೇಲಿ ಮಲಗಿದ್ದೆ.”

“ಯಾರು ಮಾಡಿದ್ರು ಅನ್ನೋದು ಇಲ್ಲಿ ಬರಲ್ಲ. ಶುರುವಾಗಿದೆಯಾ ಇಲ್ವಾ, ಅಷ್ಟೇ.”

“ಸರಿ, ನೆಲ ಬಿಡು. ಅದಕ್ಕೆ ನಿಮ್ಮ ದುಡ್ಡೇ ಬೇಡ. ಓವನ್‌ಗೆ ಮಾತ್ರ ಕೊಡಿ.”

“ಎರಡೂ ಒಂದೇ ಯೋಜನೆ ಅಂತ ನೀವೇ ತೋರಿಸಿದ್ದೀರಲ್ಲ.”

“ಹಾಗೆ ತೋರಿಸಿ ಅಂದೋಳು ನೀನೇ ಅಲ್ವೇನಮ್ಮ?”

ಆ ಕಡೆ ಕಾಗದ ತಿರುವುವ ಸದ್ದು. ಆಮೇಲೆ ಅವಳು, ಸಮಾಧಾನ ಹೇಳುವುದಕ್ಕೇ ಇರಬೇಕು, “ಊರಿನ ಬೆಂಬಲದಲ್ಲಿ ನಿಮಗೇ ಎಲ್ಲರಿಗಿಂತ ಜಾಸ್ತಿ ಅಂಕ ಬಂದಿತ್ತು” ಅಂದಳು.

ನನಗೆ ತಡೆಯಲಾಗಲಿಲ್ಲ. ಫೋನಿಗೇ ಬಾಯಿ ಹಾಕಿದೆ. “ಬೆಂಬಲ ತೋರಿಸಿ ಅಂದ್ರಿ, ತೋರಿಸಿದ್ವಿ! ಬರೆದುಕೊಟ್ರೆ ಅಂಕ, ಮಾಡಿ ತೋರಿಸಿದ್ರೆ ಶಿಕ್ಷೆನಾ? ಯಾವ ಸೀಮೆ ನ್ಯಾಯರೀ ಇದು?”

“ನಿಮ್ಮ ನೋವು ಅರ್ಥ ಆಗುತ್ತೆ. ಮುಂದಿನ ಸುತ್ತಿಗೆ ಖಂಡಿತ ಅರ್ಜಿ ಹಾಕಿ. ಆದ್ರೆ ಆಗ ವ್ಯಾಪಾರ ನಡೀತಿರ್ಬೇಕು, ಮುಚ್ಚಿರೋ ಅಂಗಡಿಗೆ ಕೊಡೋ ಹಾಗಿಲ್ಲ.”

“ಭಟ್ಟಿ ಇಲ್ದೆ ಯಾವ ವ್ಯಾಪಾರ ನಡೆಸ್ಲಿ?” ಅಂದಳು ನೊಲೀನ್. ಉತ್ತರಕ್ಕೂ ಕಾಯದೆ ಇಟ್ಟುಬಿಟ್ಟಳು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಇದು ಅದಕ್ಕಿಂತ ಕೆಟ್ಟದ್ದು. ತುತ್ತೂ ಹೋಯಿತು, ಒಲೆಯೂ ಹೋಯಿತು. ಆ ನೆಲಕ್ಕೆ ಆಗಿದ್ದಕ್ಕಿಂತ ಹತ್ತು ಪಾಲು ಬೇಕಿತ್ತು ಓವನ್‌ಗೆ. ಅರ್ಧ ಹಣದಲ್ಲಿ ಅರ್ಧ ಓವನ್ ಕೊಡುತ್ತಾರೆಯೇ? ಸಾಲದ್ದಕ್ಕೆ ಅಂಗಡಿ ಮುಚ್ಚಿದ ಅಷ್ಟು ವಾರ ಅವಳು ತಿಂದದ್ದೂ ಆ ಹಣವನ್ನೇ. ಇಷ್ಟರ ನಡುವೆ ತಪಾಸಣೆಯವನು ಬಂದು ನೆಲ ನೋಡಿ, “ಭೇಷ್! ಜಿಲ್ಲೆಗೇ ಮಾದರಿ” ಅಂತ ಒಪ್ಪಿಗೆ ಕೊಟ್ಟು ಹೋದ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.

ಸುದ್ದಿ ತಿಳಿದು ಮರ್ವ್ ಓಡಿಬಂದ. ಹ್ಯಾಟು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ. “ನೊಲೀನ್, ನಾನು ಮತ್ತೆ ಇಟ್ಟಿಗೆ ತಂದು...” ಅಂದ. ಅವಳು ಅವನನ್ನು ದಾಟಿಕೊಂಡು ಹೊರಗೆ ಹೋದಳು. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅಂಥ ಭಟ್ಟಿ ಕಟ್ಟುವವರು ಈಗ ಈ ಕಡೆ ಯಾರೂ ಉಳಿದಿಲ್ಲ ಅನ್ನುವುದು ಅವನಿಗೂ ಗೊತ್ತಿತ್ತು. ಅವತ್ತಿನಿಂದ ಅವಳು ಅವನೊಡನೆ ಒಂದು ಅಕ್ಷರ ಮಾತಾಡಲಿಲ್ಲ. ಎದುರಿಗೆ ಬಂದರೆ ಕಂಬ ನೋಡಿದಂತೆ ನೋಡುತ್ತಿದ್ದಳು. ನನಗೆ ಅವನ ಮೇಲೂ ಸಿಟ್ಟಿತ್ತು, ಸುಳ್ಳು ಹೇಳಲ್ಲ. ಆದರೆ ಅವನು ಸುತ್ತಿಗೆ ಎತ್ತಿದ್ದು ಪ್ರೀತಿಗೆ. ಇಲಾಖೆಯವರು ಎತ್ತಿದ್ದು ಯಾತಕ್ಕೆ?

ವಸಂತ ಬಂತು. ಮುಂದಿನ ಸುತ್ತಿನ ಅನುದಾನವನ್ನು ಶಾಸಕರು ನಮ್ಮೂರ ಸಭಾಂಗಣದಲ್ಲೇ ಘೋಷಿಸುತ್ತಾರಂತೆ ಅಂತ ಸುದ್ದಿ. ಚೈತನ್ಯದ ಊರಲ್ಲವೇ ನಮ್ಮದು! ಅವರ ಕಚೇರಿಯಿಂದ ನೊಲೀನ್‌ಗೆ ಫೋನು. ಹತ್ತು ಗಂಟೆಯ ಚಹಾಕ್ಕೆ ಸ್ಥಳೀಯ ತಿಂಡಿಯೇ ಬೇಕಂತೆ. ನಿಮ್ಮ ಹೆಸರಾಂತ ಪಾಸ್ಟಿ ಕಳಿಸಿಕೊಡುತ್ತೀರಾ ಅಂತ ಕೇಳಿದರು. ಒಬ್ಬರಿಗೊಬ್ಬರು ಮಾತಾಡುವುದೇ ಇಲ್ಲವೇ ಈ ಜನ? ನಾಚಿಕೆ ಅನ್ನುವುದನ್ನು ಎಲ್ಲಿ ಅಡವಿಟ್ಟಿದ್ದಾರೆ? ನಾನು ಫೋನು ಕಿತ್ತುಕೊಂಡು ಉಗಿಯುವುದರಲ್ಲಿದ್ದೆ.

“ಆಯ್ತು, ತರ್ತೀನಿ” ಅಂದಳು ನೊಲೀನ್, ಬೆಣ್ಣೆಯಂಥ ದನಿಯಲ್ಲಿ.

“ನಿನಗೇನು ತಲೆ ಕೆಟ್ಟಿದೆಯೇನೇ? ಯಾವುದರಲ್ಲಿ ಬೇಯಿಸ್ತೀಯ?”

“ನೀನು ಈರುಳ್ಳಿ ಹೆಚ್ಚು, ಬಾಯಿ ಮುಚ್ಚು.”

ಆ ಬೆಳಗ್ಗೆ ಹೊಳೆಯುವ ನೆಲದ ಮೇಲೆ ನಿಂತು ಅವಳು ಹಿಟ್ಟು ನಾದಿದಳು. ಹಾಳೆ ಲಟ್ಟಿಸಿದಳು, ತುಂಬಿದಳು, ಅಂಚು ಹೆಣೆದಳು. ಎಷ್ಟೋ ತಿಂಗಳ ಮೇಲೆ ಆ ಬೆರಳುಗಳು ಓಡುವುದನ್ನು ನೋಡಿ ನನಗೆ ಕಣ್ಣು ಮಂಜಾಯಿತು. ಈರುಳ್ಳಿ ಅಂದೆ. ತಟ್ಟೆಗಳಿಗೆ ಬಿಳಿ ಬಟ್ಟೆ ಮುಚ್ಚಿ ಇಬ್ಬರೂ ವ್ಯಾನಿನಲ್ಲಿ ಹೋದೆವು.

ಸಭಾಂಗಣ ತುಂಬಿತ್ತು. ಟೀಗನ್ ಕೂಡ ಬಂದಿದ್ದಳು, ಕೊರಳಲ್ಲಿ ಇಲಾಖೆಯ ಗುರುತಿನ ಚೀಟಿ. ಮರ್ವ್ ಹಿಂದಿನ ಗೋಡೆಗೆ ಒರಗಿ ನಿಂತಿದ್ದ. ಶಾಸಕರು ಭಾಷಣ ಮಾಡಿದರು. ಹಳ್ಳಿಗಾಡೇ ನಮ್ಮ ಬೆನ್ನೆಲುಬಂತೆ, ಸಣ್ಣ ವ್ಯಾಪಾರವೇ ನಮ್ಮ ಹೃದಯವಂತೆ. ಮೈಯ ಅಂಗಾಂಗ ಎಲ್ಲ ಎಣಿಸಿ ಮುಗಿಸಿ ಕೊನೆಗೆ ನಮ್ಮ ಮೇಜಿನ ಕಡೆ ತಿರುಗಿ, “ಈಗ ನೊಲೀನ್ ಅವರ ಪಾಸ್ಟಿ! ಇದಕ್ಕೇ ನಾನು ಬೆಳಗ್ಗೆ ತಿಂಡಿ ಬಿಟ್ಟು ಬಂದಿದ್ದೀನಿ” ಅಂದರು. ಫೋಟೋದವನು ಮುಂದೆ ಬಂದ. ನೊಲೀನ್ ಬಟ್ಟೆ ಎತ್ತಿದಳು. ಶಾಸಕರು ನಗುನಗುತ್ತ ಒಂದನ್ನು ಎತ್ತಿಕೊಂಡರು.

ಅದು ಅವರ ಕೈಯಲ್ಲಿ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಮಾಂಸದ ನೀರು ಬೆರಳಿನಿಂದ ಅಂಗಿಯ ತೋಳಿಗೆ ಇಳಿಯಿತು.

“ಇದು... ಇದಿನ್ನೂ ಹಸಿ ಇದೆ ಅಲ್ವಾ?”

“ಹೌದು ಸ್ವಾಮಿ” ಅಂದಳು ನೊಲೀನ್. ಗಟ್ಟಿಯಾಗಿ, ಕೊನೆಯ ಸಾಲಿಗೂ ಕೇಳುವ ಹಾಗೆ. “ಬೇಯಿಸೋ ಕೆಲಸ ಇನ್ನೂ ಶುರು ಮಾಡಿಲ್ಲ. ನೀವು ಹೂಂ ಅನ್ನೋ ಮುಂಚೆ ಶುರು ಮಾಡಿದ್ರೆ ಅನರ್ಹ ಆಗುತ್ತಂತೆ. ಈ ಹುಡುಗಿನೇ ಹೇಳಿದ್ದು, ಕೇಳಿ.”

ಟೀಗನ್ ತನ್ನ ಬೂಟು ನೋಡಿಕೊಂಡಳು. ಶಾಸಕರು ಹಲ್ಲು ಕಿರಿದು, “ಒಳ್ಳೇ ತಮಾಷೆ ಮಾಡ್ತೀರಿ ನೊಲೀನ್” ಅಂದರು.

“ತಮಾಷೆ ಅಲ್ಲ. ನನ್ನ ಮಾವ ಕಟ್ಟಿದ ಭಟ್ಟಿ ನೆಲದಡಿ ಹೂತಿದೆ. ಅದನ್ನ ಹೂತಿದ್ದಕ್ಕೆ ಚಪ್ಪಾಳೆ ಹೊಡೆದೋರು ನೀವು. ಅದೇ ಫೋಟೋ ತೋರಿಸಿ ನನ್ನ ದುಡ್ಡು ನಿಲ್ಲಿಸಿದ್ದು ನಿಮ್ಮ ಇಲಾಖೆ. ತಿನ್ನಿ ಈಗ. ಬೆಳಗ್ಗೆ ತಿಂಡಿ ಬಿಟ್ಟು ಬಂದಿದ್ದೀರಲ್ಲ.”

ಶಾಸಕರು ಆ ಪಾಸ್ಟಿಯನ್ನು ಎಲ್ಲಿಡುವುದು ಅಂತ ತಿಳಿಯದೆ ಅತ್ತಿತ್ತ ನೋಡಿದರು. ಆಗ ಹಿಂದಿನಿಂದ ಬೂಟಿನ ಸದ್ದು. ಮರ್ವ್ ಜನರನ್ನು ಸರಿಸಿಕೊಂಡು ಮುಂದೆ ಬಂದ, ತಟ್ಟೆಯಿಂದ ಒಂದು ಪಾಸ್ಟಿ ಎತ್ತಿದ, ಶಾಸಕರ ಮುಖವನ್ನೇ ನೋಡುತ್ತ ಬಾಯಿ ತುಂಬ ಕಚ್ಚಿದ. ಹಸಿ ಹಿಟ್ಟು, ಹಸಿ ಮಾಂಸ, ಹಸಿ ಆಲೂಗಡ್ಡೆ. ಕಟಕಟ ಅಗಿಯುವ ಸದ್ದು ಇಡೀ ಸಭಾಂಗಣಕ್ಕೆ ಕೇಳಿತು. ಕಣ್ಣಲ್ಲಿ ದಳದಳ ನೀರು. ನುಂಗಿದ. ಇನ್ನೊಂದು ಸಲ ಕಚ್ಚಿದ.

“ಏ ಕತ್ತೆ!” ನೊಲೀನ್ ಊರುಗೋಲು ಬಿಸಾಕಿ ಅವನ ಮೇಲೆ ಎರಗಿದಳು. “ಉಗಿಯೋ ಅದನ್ನ! ಹಸಿ ಮಾಂಸ ಕಣೋ, ಹೊಟ್ಟೆ ಕೆಟ್ಟು ಸಾಯ್ತೀಯ! ಉಗಿಯೋ ಅಂದ್ರೆ!”

ಭಟ್ಟಿ ಒಡೆದ ಮೇಲೆ ಅವಳು ಅವನೊಡನೆ ಆಡಿದ ಮೊದಲ ಮಾತು ಅದು. ಮರ್ವ್ ಉಗಿಯಲಿಲ್ಲ. ಅಂಗೈಯಲ್ಲಿ ಬಾಯಿ ಒರೆಸಿಕೊಂಡು, “ಮೆಣಸು ಸ್ವಲ್ಪ ಕಮ್ಮಿಯಾಗಿದೆ, ನೊಲೀನ್” ಅಂದ.

ಮೂರು ದಿನ ಹೊಟ್ಟೆ ಹಿಡಿದುಕೊಂಡು ಮಲಗಿದ. ಅವಳೇ ಹೋಗಿ ಗಂಜಿ ಮಾಡಿಕೊಟ್ಟಳು, ಗಂಜಿಗಿಂತ ಬೈಗುಳ ಜಾಸ್ತಿ. ಅವತ್ತು ಜನ ಉಳಿದ ಪಾಸ್ಟಿಗಳನ್ನು ಮನೆಗೆ ಒಯ್ದು ತಮ್ಮ ತಮ್ಮ ಓವನ್‌ನಲ್ಲಿ ಬೇಯಿಸಿಕೊಂಡರು. ಈಗ ಶನಿವಾರ ಶನಿವಾರ ಬಂದು ಹಸಿಯದನ್ನೇ ಕೊಂಡೊಯ್ಯುತ್ತಾರೆ. ಇದನ್ನು ಸುಖಾಂತ ಅಂತ ಯಾರಾದರೂ ಅಂದರೆ ಕೆನ್ನೆಗೆ ಬಿಡುತ್ತೇನೆ. ವಾರಕ್ಕೆ ಆರು ದಿನ ನಡೆಯುತ್ತಿದ್ದ ಬೇಕರಿ ಒಂದು ದಿನಕ್ಕೆ ಇಳಿದಿದೆ. ಮೊನ್ನೆ ಟೀಗನ್ ಫೋನ್ ಮಾಡಿದ್ದಳು. ಅಂಗಡಿ ತೆರೆದಿದೆ ಅಂತ ಗೊತ್ತಾಯಿತು, ಈ ಸುತ್ತಿಗೆ ಅರ್ಜಿ ಹಾಕಬಹುದು, ಆದರೆ ಓವನ್ ಇಲ್ಲದೆಯೂ ವ್ಯಾಪಾರ ನಡೆಯುತ್ತಿರುವುದರಿಂದ ಓವನ್ ಯಾಕೆ ಬೇಕು ಅಂತ ಚೆನ್ನಾಗಿ ವಿವರಿಸಬೇಕು ಅಂದಳು.

ನೊಲೀನ್ ಫೋನನ್ನು ನನ್ನ ಕೈಗೆ ಕೊಟ್ಟಳು. “ಬೆವ್, ಇಷ್ಟು ದಿನ ತಡ್ಕೊಂಡಿದ್ದೆಯಲ್ಲ, ಈಗ ಮಾತಾಡು” ಅಂದಳು.

ನಾನು ಮಾತಾಡಿದೆ.